ಮದ್ರಾಸನ್ನು ಮೇಲಿನಿಂದ ನೋಡಿದವರು



ಇವತ್ತಿನ ಸಂಚಿಕೆ ಶುರುವಾಗಿದ್ದು ಒಂದು ಫೋಟೋದಿಂದ. ಚೆನ್ನೈ ಬಗ್ಗೆ ಒಂದು ಸಂಚಿಕೆ ಮಾಡ್ಬೇಕು ಅಂತ ಬಹಳ ದಿನದಿಂದ ಇತ್ತು. ಅದಕ್ಕೊಂದು ಮುಖಪುಟದ ಚಿತ್ರ ಬೇಕಲ್ಲ? ಊರಿಡೀ ಒಂದೇ ಫ್ರೇಮಿನಲ್ಲಿ ಬರಬೇಕು ಅಂತ ಆಸೆ. ಹಾಗಾಗಿ ಮರೀನಾ ಬೀಚಿನ ದಕ್ಷಿಣ ತುದಿಯಲ್ಲಿರುವ, ಕೆಂಪು-ಬಿಳಿ ಪಟ್ಟೆಯ ದೀಪಸ್ತಂಭ ಹತ್ತಿದೆ. ಹತ್ತಿದೆ ಅಂದ್ರೆ ಲಿಫ್ಟಿನಲ್ಲಿ ಹೋದೆ. ಸಂಜೆ ಚಿಕ್ಕಮ್ಮನ ಮನೆಗೆ ಬಂದು ಫೋಟೋ ತೋರಿಸಿದೆ. ಚಿಕ್ಕಮ್ಮ ಇರುವುದು ಮಡಿಪಾಕ್ಕಂನಲ್ಲಿ. ಮದುವೆಯಾಗಿ ಉಡುಪಿ ಕಡೆಯಿಂದ ಹೋದವರು, ಈಗ ತಮಿಳಿನಲ್ಲೇ ಜಗಳ ಆಡುವಷ್ಟು ಚೆನ್ನೈಯವರಾಗಿದ್ದಾರೆ.

ಅವರು ಫೋನನ್ನು ಹತ್ತಿರ ಹಿಡ್ಕೊಂಡು ನೋಡಿದ್ರು. “ಚಂದ ಬಂದಿದೆ ಮಾರಾಯ. ನಮ್ಮ ಮನೆ ಎಲ್ಲುಂಟು ಇದ್ರಲ್ಲಿ?” ಅಂದ್ರು. ನಾನು ನೈರುತ್ಯದ ಕಡೆ, ದಿಗಂತದ ಹತ್ತಿರ ಮಸುಕಾಗಿದ್ದ ಒಂದು ಜಾಗಕ್ಕೆ ಬೆರಳಿಟ್ಟೆ. ಇಲ್ಲೇ ಎಲ್ಲೋ, ಅಂದೆ. ಅವರು ಸ್ವಲ್ಪ ಹೊತ್ತು ಅದನ್ನೇ ನೋಡಿದ್ರು. ಆಮೇಲೆ, “2015ರಲ್ಲಿ ನೀರು ಬಂದಾಗ ನಮ್ಮ ಬೀದಿಯ ಈ ತುದಿಯಲ್ಲಿ ಮೊಣಕಾಲಿನವರೆಗೆ, ಆ ತುದಿಯಲ್ಲಿ ಎದೆಯವರೆಗೆ. ನಿನ್ನ ಫೋಟೋದಲ್ಲಿ ಎಲ್ಲ ಒಂದೇ ಮಟ್ಟ ಕಾಣ್ತದಲ್ಲ” ಅಂದ್ರು.

ಅವರು ಟೀಕೆ ಮಾಡಲಿಕ್ಕೆ ಹೇಳಿದ್ದಲ್ಲ, ಕಂಡದ್ದನ್ನು ಹೇಳಿದ್ದು. ಆದ್ರೆ ಆ ಮಾತು ನನ್ನ ಸ್ಕ್ರಿಪ್ಟನ್ನೇ ಬದಲಾಯಿಸಿತು. ಚಪ್ಪಟೆ ಊರಿನಲ್ಲಿ ಎತ್ತರ ಅನ್ನೋದು ತಾನಾಗಿ ಸಿಗೋದಿಲ್ಲ, ಯಾರೋ ದುಡ್ಡು ಹಾಕಿ ಕಟ್ಟಬೇಕು. ಮದ್ರಾಸಿನಲ್ಲಿ ಆ ಎತ್ತರಗಳನ್ನು ಯಾರು ಕಟ್ಟಿದ್ರು, ಯಾತಕ್ಕೆ ಕಟ್ಟಿದ್ರು? ಅಲ್ಲಿಂದ ನೋಡಿದ್ರೆ ಏನು ಕಾಣುತ್ತೆ, ಏನು ಕಾಣೋದಿಲ್ಲ? ಇವತ್ತಿನ ಕಥೆ ಇದೇ.

ಮೊದಲು ಒಂದು ಸಣ್ಣ ಲೆಕ್ಕ. ಸಮುದ್ರದ ದಡದಲ್ಲಿ ನಿಂತ ಮನುಷ್ಯನ ಕಣ್ಣಿಗೆ ದಿಗಂತ ಇರುವುದು ಸುಮಾರು ನಾಲ್ಕೂವರೆ ಕಿ.ಮೀ. ದೂರದಲ್ಲಿ. ಭೂಮಿ ಗುಂಡಗಿದೆಯಲ್ಲ, ಅದರಾಚೆ ಬಾಗಿಬಿಡುತ್ತೆ. ಅದೇ 40 ಮೀಟರ್ ಮೇಲೆ ಹೋದ್ರೆ ದಿಗಂತ 22 ಕಿ.ಮೀ. ಆಚೆಗೆ ಸರಿಯುತ್ತೆ. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಇದು ದೊಡ್ಡ ವಿಷಯ ಅನ್ನಿಸೋದಿಲ್ಲ, ಅಲ್ಲಿ ಒಂದು ದಿಣ್ಣೆ ಹತ್ತಿದ್ರೆ ಸಾಕು. ಚೆನ್ನೈ ಹಾಗಲ್ಲ. ಊರಿನ ಬಹುಭಾಗ ಸಮುದ್ರಮಟ್ಟದಿಂದ ಕೆಲವೇ ಮೀಟರ್ ಎತ್ತರದಲ್ಲಿದೆ. ಗುಡ್ಡ ಅಂತ ಹೇಳಬಹುದಾದದ್ದು ಸೇಂಟ್ ಥಾಮಸ್ ಮೌಂಟ್, ತಮಿಳರ ಪರಂಗಿಮಲೈ. ಅದು ಸುಮಾರು 300 ಅಡಿ. ಅದೂ ಹಳೇ ಊರಿಂದ ದೂರ.

ಹಾಗಾಗಿ ಬಹಳ ಕಾಲ ಈ ಊರಿನ ಚಿತ್ರ ಅಂದ್ರೆ ಸಮುದ್ರದಿಂದ ಕಂಡ ಚಿತ್ರ. 1639ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಇಲ್ಲಿ ಜಾಗ ಸಿಕ್ಕಿತು, ಮುಂದೆ ಸೇಂಟ್ ಜಾರ್ಜ್ ಕೋಟೆ ಎದ್ದಿತು. ಇಲ್ಲಿ ನೈಸರ್ಗಿಕ ಬಂದರು ಇರಲಿಲ್ಲ. ಹಡಗು ಆಳ ನೀರಿನಲ್ಲೇ ಲಂಗರು ಹಾಕಬೇಕು. ಜನ, ಸಾಮಾನು ಎಲ್ಲ ಮಸೂಲ ದೋಣಿಗಳಲ್ಲಿ, ಅಂದ್ರೆ ಮೊಳೆ ಹೊಡೆಯದೆ ಹಲಗೆಗಳನ್ನು ಹಗ್ಗದಿಂದ ಹೊಲಿದ ದೋಣಿಗಳಲ್ಲಿ, ಅಲೆ ದಾಟಿ ದಡಕ್ಕೆ ಬರಬೇಕು. 18ನೇ ಶತಮಾನದ ಕೊನೆಗೆ ಥಾಮಸ್ ಡೇನಿಯಲ್ ಮತ್ತು ಅವನ ಸೋದರನ ಮಗ ವಿಲಿಯಂ ಡೇನಿಯಲ್ ಬರೆದ ಕೋಟೆಯ ಚಿತ್ರ ನೋಡಿ. ಮುಂದೆ ಸಮುದ್ರ, ಮೇಲೆ ದೊಡ್ಡ ಆಕಾಶ, ನಡುವೆ ಒಂದು ತೆಳು ಪಟ್ಟಿಯಾಗಿ ಮದ್ರಾಸು.

ಆ ಪಟ್ಟಿ ರಾತ್ರಿ ಹಡಗಿನವರಿಗೆ ಕಾಣಬೇಕಲ್ಲ? ಅದಕ್ಕೆ 1796ರಲ್ಲಿ ಕೋಟೆಯೊಳಗೆ, ಈಗ ಮ್ಯೂಸಿಯಂ ಇರುವ ಕಟ್ಟಡದ ಮೇಲೆ, ತೆಂಗಿನೆಣ್ಣೆಯ ದೀಪ ಇಟ್ಟರು. ಅದು ಈ ಊರಿನ ಮೊದಲ ದೀಪಸ್ತಂಭ. ಅದು ಸಾಲದು ಅನ್ನಿಸಿ ಕೋಟೆಯ ಉತ್ತರಕ್ಕೆ 125 ಅಡಿಯ ಕಲ್ಲಿನ ಕಂಬ ಕಟ್ಟಿದರು. ಅದು ಉರಿಯಲು ಶುರುವಾಗಿದ್ದು 1844ರಲ್ಲಿ. ಇವತ್ತಿಗೂ ಹೈಕೋರ್ಟಿನ ಆವರಣದಲ್ಲಿ ಆ ಕಂಬ ನಿಂತಿದೆ. ಆಮೇಲೆ ಅದರ ಪಕ್ಕದಲ್ಲೇ ಹೈಕೋರ್ಟಿನ ಕೆಂಪು ಕಟ್ಟಡ ಎದ್ದಿತು, 1892ರಲ್ಲಿ. ಅದರ ಗುಮ್ಮಟ ಕಂಬಕ್ಕಿಂತ ಎತ್ತರ. ಸರಿ, ಇನ್ನೊಂದು ಕಂಬ ಯಾಕೆ ಅಂತ 1894ರಲ್ಲಿ ದೀಪವನ್ನು ಗುಮ್ಮಟದ ಮೇಲಕ್ಕೇ ಒಯ್ದರು. ಕೆಳಗೆ ನ್ಯಾಯಾಧೀಶರು, ಮೇಲೆ ದೀಪ. 1977ರವರೆಗೂ ಹೀಗೇ ನಡೆಯಿತು.

ಇಲ್ಲಿ ನಮ್ಮ ಕರಾವಳಿಯವರಿಗೆ ಒಂದು ನೆನಪು ಬರಬೇಕು. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಇದ್ದಿದ್ದು ಮದ್ರಾಸಿನ ಜೊತೆಗೆ. ನಮ್ಮ ಜಮೀನಿನ ವ್ಯಾಜ್ಯಗಳ ಮೇಲ್ಮನವಿ ಹೋಗ್ತಿದ್ದದ್ದು ಇದೇ ಗುಮ್ಮಟದ ಕೆಳಗೆ. ನಮ್ಮ ಮುತ್ತಜ್ಜನೂ ಒಂದು ಗೇಣಿ ಕೇಸಿಗಾಗಿ ಮಂಗಳೂರಿನಿಂದ ರೈಲು ಹತ್ತಿ ಹೋಗಿದ್ದರಂತೆ. ಕೇಸು ಏನಾಯಿತು ಅನ್ನೋದು ಮನೆಯಲ್ಲಿ ಯಾರಿಗೂ ಸರಿಯಾಗಿ ನೆನಪಿಲ್ಲ. “ಕೋರ್ಟಿನ ತಲೆ ಮೇಲೆ ದೀಪ ತಿರುಗ್ತದೆ” ಅಂತ ಅವರು ಬಂದು ಹೇಳಿದ್ದು ಮಾತ್ರ ನಾಲ್ಕು ತಲೆಮಾರು ದಾಟಿ ನನ್ನವರೆಗೆ ಬಂದಿದೆ. ಮುತ್ತಜ್ಜ ಆ ಎತ್ತರವನ್ನು ಕೆಳಗಿನಿಂದ ನೋಡಿದವರು. ಮೇಲಿಂದ ನೋಡುವ ಅವಕಾಶ ಅವರಂಥವರಿಗೆ ಎಲ್ಲಿತ್ತು?

ಒಂದು ವಿಷಯ ಗಮನಿಸಿ. ಇಷ್ಟೂ ಎತ್ತರಗಳನ್ನು ಕಟ್ಟಿದ್ದು ಊರು ನೋಡಲಿಕ್ಕಲ್ಲ, ಊರು ಕಾಣಿಸಲಿಕ್ಕೆ. ಕಾಣಿಸಿದರೆ ಮಿತ್ರರಿಗೂ ಕಾಣುತ್ತೆ, ಶತ್ರುಗಳಿಗೂ ಕಾಣುತ್ತೆ. ಮೊದಲ ಮಹಾಯುದ್ಧದಲ್ಲಿ, 1914ರ ಸೆಪ್ಟೆಂಬರ್ 22ರ ರಾತ್ರಿ, ಎಮ್ಡೆನ್ ಅನ್ನುವ ಜರ್ಮನ್ ಯುದ್ಧನೌಕೆ ಬಂದು ಬಂದರಿನ ಪಕ್ಕದ ಎಣ್ಣೆ ಟ್ಯಾಂಕುಗಳಿಗೆ ಬೆಂಕಿ ಹಚ್ಚಿ ಹೋಯಿತು. ಅದರ ಗುಂಡು ಹೈಕೋರ್ಟಿನ ಆವರಣಕ್ಕೂ ಬಿತ್ತು, ಅಲ್ಲಿ ಅದರ ನೆನಪಿನ ಫಲಕ ಇದೆ. ತಮಿಳಿನಲ್ಲಿ ಇವತ್ತಿಗೂ ಕಿಲಾಡಿ ಮನುಷ್ಯನಿಗೆ ‘ಎಮ್ಡನ್’ ಅಂತಾರೆ.

ಇನ್ನು ಕ್ಯಾಮೆರಾದ ವಿಷಯಕ್ಕೆ ಬರೋಣ. ಮದ್ರಾಸ್ ಪ್ರೆಸಿಡೆನ್ಸಿಗೆ ಸರ್ಕಾರಿ ಫೋಟೋಗ್ರಾಫರ್ ಅಂತ ಒಬ್ಬ ಇದ್ದ. ಹೆಸರು ಲಿನೇಯಸ್ ಟ್ರೈಪ್, ಕಂಪನಿ ಸೈನ್ಯದ ಅಧಿಕಾರಿ. 1854ರಲ್ಲಿ ಅವನು ನಮ್ಮ ಬೇಲೂರು, ಹಳೇಬೀಡಿಗೆ ಬಂದು ಹೊಯ್ಸಳ ದೇವಸ್ಥಾನಗಳ ಫೋಟೋ ತೆಗೆದಿದ್ದ. 1856ರಲ್ಲಿ ಸರ್ಕಾರ ಅವನನ್ನು ಅಧಿಕೃತವಾಗಿ ನೇಮಿಸಿತು. ಕಾಗದಕ್ಕೆ ಮೇಣ ಹಚ್ಚಿ ಮಾಡಿದ ನೆಗೆಟಿವ್, ಭಾರದ ಪೆಟ್ಟಿಗೆ, ಕ್ಯಾಮೆರಾ ಮುಂದೆ ಅಲುಗಾಡದೆ ನಿಲ್ಲುವ ವಸ್ತು, ಇಷ್ಟಿದ್ದರೆ ಫೋಟೋ. ಮಧುರೈ, ತಂಜಾವೂರು, ತಿರುಚ್ಚಿಯ ಬಂಡೆ ಇವೆಲ್ಲ ಅವನ ಕ್ಯಾಮೆರಾಕ್ಕೆ ಹೇಳಿ ಮಾಡಿಸಿದಂತಿದ್ದವು. ಮದ್ರಾಸ್ ಊರಿನಲ್ಲಿ ಅವನು ಮಾಡಿದ ದೊಡ್ಡ ಕೆಲಸ ಮ್ಯೂಸಿಯಂನಲ್ಲಿದ್ದ ಅಮರಾವತಿ ಶಿಲ್ಪಗಳ ಫೋಟೋ. ಅದಕ್ಕೆ ಎತ್ತರ ಹತ್ತುವ ಕೆಲಸವೇ ಇಲ್ಲ. 1859ರಲ್ಲಿ ಗವರ್ನರ್ ಆಗಿ ಬಂದ ಚಾರ್ಲ್ಸ್ ಟ್ರೆವೆಲ್ಯನ್ ಖಜಾನೆಯ ಸ್ಥಿತಿ ನೋಡಿ, ಇದೊಂದು ಐಷಾರಾಮ ಅಂತ ಆ ಕೆಲಸವನ್ನೇ ನಿಲ್ಲಿಸಿಬಿಟ್ಟ. ನಾನು ಬಿ.ಕಾಂ. ಓದಿದವನು, ಖರ್ಚು ಕಡಿತದ ಮೊದಲ ಕತ್ತರಿ ಎಲ್ಲಿಗೆ ಬೀಳುತ್ತೆ ಅನ್ನೋದು ಗೊತ್ತು. ಆದ್ರೂ ಓದುವಾಗ ಬೇಜಾರಾಯ್ತು.

ಮುಂದಿನ ದೊಡ್ಡ ಎತ್ತರ ಬಂದಿದ್ದು ಹಡಗಿನಿಂದಲೂ ಅಲ್ಲ, ಕೋರ್ಟಿನಿಂದಲೂ ಅಲ್ಲ. ವಿಮೆಯಿಂದ. ಮೌಂಟ್ ರೋಡಿನ ಎಲ್‌ಐಸಿ ಕಟ್ಟಡ. ಇದನ್ನು ಶುರು ಮಾಡಿದ್ದು ಉದ್ಯಮಿ ಎಂ.ಸಿಟಿ.ಎಂ. ಚಿದಂಬರಂ ಚೆಟ್ಟಿಯಾರ್, ಅವರ ವಿಮಾ ಕಂಪನಿಗಾಗಿ. 1954ರಲ್ಲಿ ವಿಮಾನ ಅಪಘಾತದಲ್ಲಿ ಅವರು ತೀರಿಹೋದರು. 1956ರಲ್ಲಿ ಜೀವವಿಮೆ ರಾಷ್ಟ್ರೀಕರಣವಾಯಿತು, 245 ಕಂಪನಿ ಮತ್ತು ಸೊಸೈಟಿಗಳು ಸೇರಿ ಎಲ್‌ಐಸಿ ಆಯಿತು. ಅರ್ಧ ಕಟ್ಟಿದ ಈ ಕಟ್ಟಡವೂ ಅದರ ಪಾಲಿಗೆ ಬಂತು. 1959ರಲ್ಲಿ ಉದ್ಘಾಟನೆ, ಎತ್ತರ 177 ಅಡಿ. ಆಗ ಅದು ದೇಶದ ಅತಿ ಎತ್ತರದ ಕಟ್ಟಡ. ಊರಿನಿಂದ ಮದ್ರಾಸಿಗೆ ಬಂದವರು ಅದರ ಮುಂದೆ ಕತ್ತೆತ್ತಿ ನಿಲ್ಲೋದು ತಮಿಳು ಸಿನಿಮಾಗಳಲ್ಲಿ ಒಂದು ಪದ್ಧತಿಯೇ ಆಗಿಹೋಯಿತು. ಇಲ್ಲೂ ಅದೇ ಕಥೆ. ಜನರ ಫೋಟೋದಲ್ಲಿ ಕಟ್ಟಡ ಇರುತ್ತೆ, ಕಟ್ಟಡದಿಂದ ತೆಗೆದ ಫೋಟೋ ಜನರ ಹತ್ತಿರ ಇರೋದಿಲ್ಲ.

ನಾನು ಹತ್ತಿದ ಮರೀನಾ ದೀಪಸ್ತಂಭ 1977ರದ್ದು. ತ್ರಿಕೋನಾಕಾರದ ಕಾಂಕ್ರೀಟು ಗೋಪುರ. ಭದ್ರತೆಯ ಕಾರಣಕ್ಕೆ ಸುಮಾರು ಎರಡು ದಶಕ ಸಾರ್ವಜನಿಕರನ್ನು ಬಿಡ್ತಿರಲಿಲ್ಲ. ಮತ್ತೆ ತೆರೆದಿದ್ದು 2013ರ ನವೆಂಬರಿನಲ್ಲಿ. ಅಂದ್ರೆ ನನ್ನಂಥವನು ಟಿಕೆಟ್ ತಗೊಂಡು ಹೋಗಿ ಚೆನ್ನೈಯನ್ನು ಮೇಲಿಂದ ನೋಡುವುದು ಬಹಳ ಹೊಸ ಸಂಗತಿ.

ಫೋಟೋ ತೆಗೆಯುವವರಿಗೆ ಒಂದು ಮಾತು. ಬೆಳಿಗ್ಗೆಯೇ ಹೋಗಿ. ನಮ್ಮ ಕರಾವಳಿಯಲ್ಲಿ ಸೂರ್ಯ ಸಮುದ್ರಕ್ಕೆ ಇಳಿಯುತ್ತಾನೆ, ಅಲ್ಲಿ ಸಮುದ್ರದಿಂದ ಏಳುತ್ತಾನೆ. ಬೆಳಗಿನ ಬಿಸಿಲು ನಿಮ್ಮ ಬೆನ್ನ ಹಿಂದಿನಿಂದ ಬಂದು ಊರಿನ ಮೇಲೆ ಬೀಳುತ್ತೆ. ಮಧ್ಯಾಹ್ನ ಕಳೆದರೆ ಊರೆಲ್ಲ ಸೂರ್ಯನಿಗೆ ಅಡ್ಡವಾಗಿ ನಿಂತು ಕಪ್ಪಾಗುತ್ತೆ, ಜೊತೆಗೆ ಉಪ್ಪುಗಾಳಿಯ ಮಬ್ಬು.

ಗ್ಯಾಲರಿಯಲ್ಲಿ ನಿಂತರೆ ಪಶ್ಚಿಮಕ್ಕೆ ಮೈಲಾಪುರ, ಕಪಾಲೀಶ್ವರನ ಗೋಪುರ. ದಕ್ಷಿಣಕ್ಕೆ ಸಾಂತೋಮ್ ಚರ್ಚಿನ ಬಿಳಿ ಶಿಖರ. ಕಾಲ ಕೆಳಗೇ ಅನ್ನುವಷ್ಟು ಹತ್ತಿರ ನೊಚ್ಚಿಕುಪ್ಪಂನ ಮೀನುಗಾರರ ಮನೆಗಳು. ಹವೆ ತಿಳಿಯಾಗಿದ್ದರೆ ಹತ್ತು ಕಿ.ಮೀ. ಆಚೆ ಪರಂಗಿಮಲೈ ಒಂದು ಉಬ್ಬಿನ ಹಾಗೆ ಕಾಣುತ್ತೆ. ಉತ್ತರಕ್ಕೆ ಮರಳು, ಮರಳು, ಮರಳು.

ಈ ಮರಳಿನ ಕಥೆ ಮೇಲಿಂದಲೇ ಚೆನ್ನಾಗಿ ಅರ್ಥ ಆಗೋದು. ಒಂದು ಕಾಲದಲ್ಲಿ ಅಲೆಗಳು ಕೋಟೆಯ ಹತ್ತಿರದವರೆಗೂ ಬರ್ತಿದ್ದವು, ಇಷ್ಟು ಅಗಲದ ಬೀಚು ಇರಲಿಲ್ಲ. 1870ರ ದಶಕದಲ್ಲಿ ಸಮುದ್ರದೊಳಕ್ಕೆ ಗೋಡೆ ಚಾಚಿ ಬಂದರು ಕಟ್ಟಲು ಶುರು ಮಾಡಿದರು. 1881ರ ಚಂಡಮಾರುತ ಅದನ್ನು ಒಡೆದುಹಾಕಿತು, ಮತ್ತೆ ಕಟ್ಟಿದರು. ಈ ಕರಾವಳಿಯಲ್ಲಿ ಅಲೆಗಳು ವರ್ಷವಿಡೀ ಮರಳನ್ನು ತಳ್ಳುತ್ತಾ ಇರುತ್ತವೆ, ಲೆಕ್ಕ ಹಾಕಿದರೆ ಒಟ್ಟಾರೆ ದಕ್ಷಿಣದಿಂದ ಉತ್ತರಕ್ಕೆ. ಬಂದರಿನ ಗೋಡೆ ಅದಕ್ಕೆ ಅಡ್ಡ ನಿಂತಿತು. ದಕ್ಷಿಣದಲ್ಲಿ ಮರಳು ಸೇರಿ ಸೇರಿ ಮರೀನಾ ಅಗಲವಾಯಿತು. ಗವರ್ನರ್ ಗ್ರಾಂಟ್ ಡಫ್ 1884ರಲ್ಲಿ ಅದರ ಪಕ್ಕ ವಾಯುವಿಹಾರದ ದಾರಿ ಮಾಡಿಸಿ, ಮರೀನಾ ಅಂತ ಹೆಸರಿಟ್ಟ. ಅತ್ತ ಬಂದರಿನ ಉತ್ತರಕ್ಕೆ ಬರಬೇಕಾದ ಮರಳು ಬರಲೇ ಇಲ್ಲ. ರಾಯಪುರಂ ಕಡೆ ಸಮುದ್ರ ದಡ ತಿನ್ನುತ್ತಾ ಹೋಯಿತು, ಈಗ ಅಲ್ಲಿ ಬಂಡೆಗಲ್ಲಿನ ತಡೆಗೋಡೆ. ಬ್ಯಾಲೆನ್ಸ್ ಶೀಟಿನ ಭಾಷೆಯಲ್ಲಿ ಹೇಳೋದಾದ್ರೆ, ಒಂದು ಕಡೆ ಜಮಾ, ಇನ್ನೊಂದು ಕಡೆ ಖರ್ಚು. ನಾವು ಐಸ್‌ಕ್ರೀಂ ತಿನ್ನುವ ಬೀಚಿನ ಖರ್ಚು ಬಿದ್ದದ್ದು ಉತ್ತರದ ಮೀನುಗಾರರ ಮೇಲೆ.

ಹಾಗಾದ್ರೆ ಎತ್ತರದ ಫೋಟೋಗೆ ಒಂದು ಶಕ್ತಿ ಇದೆ. ಉದ್ದ, ಅಗಲ ಎಲ್ಲ ಚೆನ್ನಾಗಿ ತೋರಿಸುತ್ತೆ. ಆದ್ರೆ ಚಿಕ್ಕಮ್ಮ ಕೇಳಿದ್ದು ಉದ್ದ ಅಗಲ ಅಲ್ಲ, ಏರು ತಗ್ಗು.

ಇದನ್ನು ಅರ್ಥ ಮಾಡ್ಕೊಳ್ಳೋಕೆ ಇನ್ನೊಬ್ಬ ಮನುಷ್ಯನ ಹತ್ತಿರ ಹೋಗಬೇಕು. ವಿಲಿಯಂ ಲ್ಯಾಂಬ್ಟನ್. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿ ಬ್ರಿಟಿಷರ ಕಡೆ ಇದ್ದವನು. ಟಿಪ್ಪು ಬಿದ್ದ ಮೇಲೆ ಇವನು ಪರ್ಯಾಯ ದ್ವೀಪವನ್ನು ಕರಾವಳಿಯಿಂದ ಕರಾವಳಿಗೆ ತ್ರಿಕೋನಗಳಲ್ಲಿ ಅಳೆಯುವ ಯೋಜನೆ ಕೊಟ್ಟ. ತ್ರಿಕೋನ ಲೆಕ್ಕಕ್ಕೆ ಮೊದಲು ಒಂದು ಗೆರೆಯನ್ನು ನೆಲದ ಮೇಲೆ ಅತಿ ನಿಖರವಾಗಿ ಅಳೆಯಬೇಕು, ಅದಕ್ಕೆ ಸಮತಟ್ಟು ಜಾಗ ಬೇಕು. 1802ರ ಏಪ್ರಿಲ್ 10ರಂದು ಅವನು ಪರಂಗಿಮಲೈ ಪಕ್ಕದ ಬಯಲಿನಲ್ಲಿ ಶುರು ಮಾಡಿದ. ಅಲ್ಲಿಂದ ದಕ್ಷಿಣಕ್ಕೆ ಪೆರುಂಬಾಕ್ಕಂನ ಸಣ್ಣ ಗುಡ್ಡದವರೆಗೆ, ಏಳೂವರೆ ಮೈಲಿ. 100 ಅಡಿಯ ಉಕ್ಕಿನ ಸರಪಳಿ, ಸುಮಾರು 400 ಸಲ ಹಾಸಿದರು. ಬಿಸಿಲಿಗೆ ಸರಪಳಿ ಹಿಗ್ಗಬಾರದು ಅಂತ ಡೇರೆಯ ನೆರಳು, ಪಕ್ಕದಲ್ಲಿ ಉಷ್ಣಮಾಪಕ. ನೆಲ ಎಲ್ಲಿ ಕೊಂಚ ಏರಿದೆ, ಎಲ್ಲಿ ಇಳಿದಿದೆ ಅನ್ನೋದೂ ಲೆಕ್ಕಕ್ಕೆ ಬಂತು. ಅಳತೆ ಮುಗಿಯಲು ವಾರಗಳೇ ಹಿಡಿದವು.

ಆ ಗೆರೆಯಿಂದ ಶುರುವಾದ ತ್ರಿಕೋನಗಳು ನಮ್ಮ ಮಂಗಳೂರಿನ ಕರಾವಳಿಯವರೆಗೂ ಬಂದವು. ಮದ್ರಾಸಿಗೂ ಮಂಗಳೂರಿಗೂ 400 ಮೈಲಿ ಅಂತ ಹಳೇ ನಕ್ಷೆಗಳು ಹೇಳ್ತಿದ್ದವು. ಅಳೆದು ನೋಡಿದರೆ ಸುಮಾರು 360. ನಲವತ್ತು ಮೈಲಿ ನೆಲ ಲೆಕ್ಕದಲ್ಲೇ ಹೋಯಿತು!

ಮುಂದೆ ಕಾವೇರಿ ಮುಖಜ ಭೂಮಿಯ ಸಮತಟ್ಟಿನಲ್ಲಿ ಲ್ಯಾಂಬ್ಟನ್‌ಗೂ ಇದೇ ತೊಂದರೆ, ಹತ್ತಲು ಗುಡ್ಡ ಇಲ್ಲ. ಆಗ ದೇವಸ್ಥಾನದ ಗೋಪುರಗಳೇ ಗತಿ. 1808ರಲ್ಲಿ ತಂಜಾವೂರಿನ ಬೃಹದೀಶ್ವರ ದೇವಾಲಯದ ಮೇಲೆ ಅರ್ಧ ಟನ್ ತೂಕದ ಥಿಯೊಡೊಲೈಟನ್ನು ಎಳೆಯುವಾಗ ಹಗ್ಗ ತುಂಡಾಗಿ, ಯಂತ್ರ ಗೋಡೆಗೆ ಬಡಿದು ಜಖಂ ಆಯಿತು. ಅವನೇ ವಾರಗಟ್ಟಲೆ ಕೂತು ರಿಪೇರಿ ಮಾಡಿದ. ಬಯಲಿನಲ್ಲಿ ಎತ್ತರ ಅಷ್ಟು ದುಬಾರಿ.

ಮಡಿಪಾಕ್ಕಂನಲ್ಲಿ ಕೂತು ನಾನು ಫೋನಿನ ನಕ್ಷೆಯಲ್ಲಿ ಪರಂಗಿಮಲೈಗೆ ಒಂದು ಚುಕ್ಕಿ, ಪೆರುಂಬಾಕ್ಕಂಗೆ ಒಂದು ಚುಕ್ಕಿ ಇಟ್ಟು ಗೆರೆ ಎಳೆದೆ. ಆ ಗೆರೆ ಮಡಿಪಾಕ್ಕಂನ ಆಸುಪಾಸಿನಲ್ಲೇ ಹೋಗುತ್ತೆ. ಇನ್ನೂರು ವರ್ಷದ ಹಿಂದೆ ಒಬ್ಬ ಮನುಷ್ಯ ಇಂಚಿಂಚೂ ಅಳೆದ ಬಯಲು ಅದು. ಅದರ ಪೂರ್ವಕ್ಕೆ ಪಳ್ಳಿಕರಣೈ ಜೌಗು, ದಕ್ಷಿಣ ಚೆನ್ನೈಯ ಕೆರೆಗಳ ನೀರು ಹೋಗಿ ಸೇರುವ ಜಾಗ. ಈಗ ಆ ಬಯಲಿನ ಮೇಲೆ ಚಿಕ್ಕಮ್ಮನ ಮನೆ, ಅಕ್ಕಪಕ್ಕದ ಸಾವಿರಾರು ಮನೆ.

ಈಗ ಲೆಕ್ಕ ನೋಡಿ. ದೀಪಸ್ತಂಭದಿಂದ ಮಡಿಪಾಕ್ಕಂಗೆ ಸುಮಾರು 12 ಕಿ.ಮೀ. ಅಷ್ಟು ದೂರದಲ್ಲಿರುವ ಒಂದು ಮೀಟರ್ ಏರು ತಗ್ಗು ನನ್ನ ಕ್ಯಾಮೆರಾಕ್ಕೆ ಹೇಗೆ ಕಾಣುತ್ತೆ? 12 ಮೀಟರ್ ಆಚೆ ಹಿಡಿದ ಒಂದು ಮಿಲಿಮೀಟರಿನ ಹಾಗೆ. ಅದೂ ನಡುವೆ ನೂರಾರು ತಾರಸಿ, ನೀರಿನ ಟ್ಯಾಂಕು, ಮಬ್ಬು. ಮೊಣಕಾಲಿಗೂ ಎದೆಗೂ ಇರುವ ವ್ಯತ್ಯಾಸ ಒಂದು ಮೀಟರ್ ಕೂಡ ಇಲ್ಲ. ನಾನು ಎಷ್ಟೇ ಒಳ್ಳೆ ಲೆನ್ಸ್ ತಗೊಂಡು ಹೋದ್ರೂ ಆ ವ್ಯತ್ಯಾಸ ಅಲ್ಲಿಂದ ಸಿಗುತ್ತಿರಲಿಲ್ಲ. ಅದು ಕಾಣುವುದು ನೀರಿಗೆ ಮಾತ್ರ.

2015ರ ಡಿಸೆಂಬರ್ 1ರಿಂದ 2ರ ನಡುವೆ ತಾಂಬರಂನಲ್ಲಿ ಒಂದೇ ದಿನಕ್ಕೆ 49 ಸೆಂ.ಮೀ. ಮಳೆ. ಚೆಂಬರಂಬಾಕ್ಕಂ ಕೆರೆಯಿಂದ ನೀರು ಬಿಟ್ಟರು, ಅಡ್ಯಾರ್ ನದಿ ಉಕ್ಕಿತು. ನದಿಯಿಂದ ದೂರವಿದ್ದ ಬಡಾವಣೆಗಳಲ್ಲೂ ಹಳೇ ಕೆರೆಗಳ ಜಾಗ ಹುಡುಕಿಕೊಂಡು ನೀರು ಬಂತು. ಮೇಲಿಂದ ನೋಡಿದರೆ ಆ ಕೆರೆಗಳ ಎಷ್ಟೋ ಜಾಗಗಳಲ್ಲಿ ಈಗ ಬರೀ ಛಾವಣಿ. ಟಿ.ನಗರ ಕಟ್ಟಿದ್ದೇ 1920ರ ದಶಕದಲ್ಲಿ ಒಂದು ಉದ್ದನೆಯ ಕೆರೆಯ ಭಾಗವನ್ನು ತುಂಬಿಸಿ. ಆ ಕೆರೆ ಫೋಟೋದಲ್ಲಿಲ್ಲ, ಬೀದಿ ಹೆಸರಿನಲ್ಲಿದೆ. ಪಶ್ಚಿಮ ಮಾಂಬಲಂನಲ್ಲಿ ಲೇಕ್ ವ್ಯೂ ರೋಡ್, ಕಣ್ಣಿಗೆ ಬೀಳುವ ಲೇಕ್ ಇಲ್ಲ. ನುಂಗಂಬಾಕ್ಕಂನಲ್ಲಿ ಟ್ಯಾಂಕ್ ಬಂಡ್ ರೋಡ್. ತಮಿಳಿನಲ್ಲಿ ‘ಏರಿ’ ಅಂದ್ರೆ ಕೆರೆಯೇ. ನಮಗೆ ‘ಏರಿ’ ಅಂದ್ರೆ ಕೆರೆಯ ದಂಡೆ, ನೀರನ್ನು ಹಿಡಿದು ನಿಲ್ಲಿಸುವ ಆ ಏರು. ಒಂದೇ ಪದ, ಅವರು ನೀರಿಗೆ ಇಟ್ಟುಕೊಂಡರು, ನಾವು ಮಣ್ಣಿಗೆ. ಎರಡೂ ಹೋದಲ್ಲಿ ಪದ ಒಂದೇ ಉಳಿಯುತ್ತೆ. ಬೆಂಗಳೂರಿನವರು ಇದನ್ನು ಕೇಳಿ ನಗುವ ಹಾಗಿಲ್ಲ, ನಮ್ಮ ಬಸ್‌ಸ್ಟ್ಯಾಂಡ್ ಇರೋದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ.

ಮಾರನೇ ದಿನ ಬೆಳಿಗ್ಗೆ ಊರಿಗೆ ಹೊರಡುವ ಮೊದಲು ಚಿಕ್ಕಮ್ಮನನ್ನು ಕೇಳಿದೆ, “ನೀರು ಎಲ್ಲಿವರೆಗೆ ಬಂದಿತ್ತು, ತೋರಿಸಿ.” ಅವರು ಗೇಟಿನ ಕಂಬದ ಹತ್ತಿರ ಕರ್ಕೊಂಡು ಹೋದರು. ಮನೆಗೆ ಎರಡು ಸಲ ಬಣ್ಣ ಹೊಡೆಸಿದ್ದಾರೆ, ಆದ್ರೆ ಕಂಬದ ಒಳಬದಿಯಲ್ಲಿ ಒಂದಿಷ್ಟು ಜಾಗಕ್ಕೆ ಹೊಡೆಸಿಲ್ಲ. ಅಲ್ಲಿ ಚಿಕ್ಕಪ್ಪ ಮೊಳೆಯಿಂದ ಗೀರಿದ ಒಂದು ಗೆರೆ, ಪಕ್ಕದಲ್ಲಿ ತಾರೀಕು. ಯಾಕೆ ಹಾಗೇ ಬಿಟ್ಟಿದ್ದೀರಿ ಅಂತ ಕೇಳಿದೆ. “ಮುಂದಿನ ಸಲ ಯಾವಾಗ ಮಹಡಿಗೆ ಹೋಗ್ಬೇಕು ಅಂತ ಗೊತ್ತಾಗ್ಲಿಕ್ಕೆ” ಅಂದ್ರು. “ರಸ್ತೆಯ ನೀರು ಗೇಟು ದಾಟಿದ್ರೆ ಗ್ಯಾಸ್ ಸಿಲಿಂಡರ್, ಕಾಗದಪತ್ರ ಮೊದಲು. ಈ ಗೆರೆಯ ಅರ್ಧಕ್ಕೆ ಬಂದ್ರೆ ಎಲ್ಲ ಬಿಟ್ಟು ಮೇಲೆ.”

ನಾನು ಕೂತು ಆ ಗೆರೆಯ ಫೋಟೋ ತೆಗೆದೆ. ನೆಲದಿಂದ ಎರಡೂ ಮುಕ್ಕಾಲು ಅಡಿ ಎತ್ತರ. ಈ ಸಂಚಿಕೆಯ ಮುಖಪುಟದಲ್ಲಿ ನೀವು ನೋಡ್ತಿರೋದು ಅದನ್ನೇ. ದೀಪಸ್ತಂಭದ ಫೋಟೋ ಕೆಳಗೆ ಹಾಕಿದ್ದೀನಿ, ಅದೂ ಚೆನ್ನಾಗಿಯೇ ಬಂದಿದೆ.

ಒಂದು ಕೋರಿಕೆ. ನಿಮ್ಮ ಊರಿನಲ್ಲೋ ಬೀದಿಯಲ್ಲೋ ನೀರು ಬಂದ ಗುರುತು ಎಲ್ಲಾದರೂ ಉಳಿದಿದ್ದರೆ, ಒಂದು ಫೋಟೋ ತೆಗೆದು, ತಾರೀಕು ಬರೆದು ಇಟ್ಕೊಳ್ಳಿ. ಬಣ್ಣ ಹೊಡೆಸುವ ಮೊದಲು.